ಎಡಗೈ ಓಟು

ವೆರ್ಣಾದ ಆ ಜೋಪಡಿ ಓಣಿಯಲ್ಲಿ ಸಾವಂತ್ರೆವ್ವನ ಬಾಯಿಗೆ ಹೆದರದವರು ಯಾರೂ ಇರಲಿಲ್ಲ. ನಿನ್ನೆಯ ಮೀನನ್ನು ಇವತ್ತಿನದೆಂದು ಮಾರಲು ಬಂದವಳನ್ನು ಅವಳು ಕೊಂಕಣಿಯಲ್ಲೇ ಬೈದು ಓಣಿಯ ತುದಿ ಮುಟ್ಟಿಸುತ್ತಿದ್ದಳು. ಗೋವಾಕ್ಕೆ ಬಂದು ಎಷ್ಟೋ ವರ್ಷವಾಗಿದ್ದರೂ ಉಳಿದ ಕೊಂಕಣಿ ಅವಳಿಗೆ ಅಷ್ಟಕ್ಕಷ್ಟೇ. ಬೈಗುಳದ ಕೊಂಕಣಿ ಮಾತ್ರ ಅಲ್ಲಿಯವರೇ ನಿಂತು ಕೇಳುವಂತಿತ್ತು. ಕಟ್ಟಡದ ಕೆಲಸದಲ್ಲಿ ಸಿಮೆಂಟಿನ ಪುಟ್ಟಿ ಹೊತ್ತು ಏರುವಾಗ ಯಾವನೋ ಸೂಪರ್‌ವೈಸರ್ "ಏ ಘಾಟಿ" ಎಂದು ಕೂಗಿದನಂತೆ. ಘಟ್ಟದ ಮೇಲಿನಿಂದ ಬಂದವರನ್ನು ಹಾಗೆ ಹೀಯಾಳಿಸುವುದು ಅಲ್ಲಿನ ಕೆಲವರ ರೂಢಿ. ಸಾವಂತ್ರೆವ್ವ ಪುಟ್ಟಿಯನ್ನು ಅಲ್ಲೇ ಇಳಿಸಿ, "ನನಗ ಹೆಸರೈತ್ರಿ ಸಾಹೇಬ್ರ. ಹೆಸರ ಹಿಡದ ಕರೀರಿ, ಇಲ್ಲಾಂದ್ರ ಪುಟ್ಟಿ ನೀವ ಹೊರ್ರಿ" ಅಂದಳು. ಆತ ಹೆಸರು ಕಲಿತ.

ಇಂಥವಳಿಗೂ ಒಂದು ಹೆದರಿಕೆ ಇತ್ತು. ಸವದತ್ತಿಯ ಎಲ್ಲವ್ವ. ಪೊಲೀಸರೆಂದರೆ ಹೆದರಲಿಲ್ಲ, ಕಂತ್ರಾಟದಾರನೆಂದರೆ ಹೆದರಲಿಲ್ಲ, ಎಲ್ಲವ್ವನ ಹೆಸರೆತ್ತಿದರೆ ಮಾತ್ರ ಅವಳ ದನಿ ತಾನಾಗಿ ಇಳಿಯುತ್ತಿತ್ತು.

ಬಾದಾಮಿ ಕಡೆಯ ಹಳ್ಳಿಯಿಂದ ಅವಳೂ ಗಂಡ ಗಂಗಪ್ಪನೂ ಬಂದದ್ದು ಎಂಬತ್ತರ ದಶಕದ ಮೊದಲಲ್ಲಿ. ಆಗ ವೆರ್ಣಾದ ಗುಡ್ಡದ ಮೇಲೆ ಕೆಂಪು ಕಲ್ಲು, ಒಣ ಹುಲ್ಲು ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಮಗಳು ರೇಣವ್ವನನ್ನು ಬೆನ್ನಿಗೆ ಕಟ್ಟಿಕೊಂಡೇ ಸಾವಂತ್ರೆವ್ವ ಅಲ್ಲಿನ ರಸ್ತೆಗೆ ಕಡಿ ಹಾಸಿದಳು. ಆಮೇಲೆ ಎದ್ದ ಕಾರ್ಖಾನೆಗಳ ಗೋಡೆಗೆ ಸಿಮೆಂಟು ಹೊತ್ತಳು. ರೇಣವ್ವನ ಬೆನ್ನಿಗೆ ಹುಟ್ಟಿದ ಎರಡು ಕೂಸುಗಳು ಉಳಿಯಲಿಲ್ಲ. ಗಂಗಪ್ಪ ಮುರ್ಮುಗಾಂವ್ ಬಂದರಿನಲ್ಲಿ ಅದಿರು ತುಂಬುವ ಕೆಲಸಕ್ಕೆ ಸೇರಿ, ವಾರಕ್ಕೊಮ್ಮೆ ಮೈಯೆಲ್ಲ ಕೆಂಪು ಧೂಳು ಮೆತ್ತಿಕೊಂಡು ಮನೆಗೆ ಬರುತ್ತಿದ್ದ. ಮಾತು ಕಡಿಮೆಯ ಮನುಷ್ಯ. ತನ್ನ ಪಾಲಿನ ಮಾತನ್ನೂ ಹೆಂಡತಿಗೇ ಬಿಟ್ಟುಕೊಟ್ಟು ಹಾಯಾಗಿದ್ದ.

ಇನ್ನು ಓಟಿನ ಸಂಗತಿ. ಮೊದಮೊದಲು ಇವರೆಲ್ಲರ ಓಟು ಊರಲ್ಲೇ ಇತ್ತು. ಚುನಾವಣೆ ಬಂದರೆ ಊರಿನ ದೊಡ್ಡವರು ಲಾರಿ ಕಳಿಸುತ್ತಿದ್ದರು. ಹೋಗುವುದು, ಹೇಳಿದ ಚಿತ್ರಕ್ಕೆ ಒತ್ತುವುದು, ತವರಿನವರ ಮುಖ ನೋಡುವುದು, ಅದೇ ಲಾರಿಯಲ್ಲಿ ವಾಪಸ್ಸು ಬರುವುದು. ಆಮೇಲೆ ಮುಕಾದಮ ನಿಂಗಣ್ಣ ಓಣಿಯವರಿಗೆಲ್ಲ ಗೋವಾದ ರೇಷನ್ ಕಾರ್ಡು ಮಾಡಿಸಿಕೊಟ್ಟ, ಓಟಿನ ಪಟ್ಟಿಯಲ್ಲಿ ಹೆಸರು ಹಾಕಿಸಿದ. ಈ ನಿಂಗಣ್ಣ ಕಂತ್ರಾಟದಾರನಿಗೆ ಆಳು ಒದಗಿಸುವವನು. ದಿನಾ ಮುಂಜಾನೆ ಓಣಿಯ ಬಾಯಿಗೆ ನಿಂತು ಇವತ್ತು ಯಾರಿಗೆ ಕೆಲಸ, ಯಾರಿಗಿಲ್ಲ ಎಂದು ಬೆರಳು ಮಾಡಿ ತೋರಿಸುವವನು. ಹೆಸರು ಹಾಕಿಸಿದವನು ಅವನು ಅಂದಮೇಲೆ ಓಟೂ ಅವನದೇ ಅಲ್ಲವೇ? ಸಾವಂತ್ರೆವ್ವ ಹಾಗೇ ತಿಳಿದಿದ್ದಳು. ಅವನು "ಈ ಸಲ ಇದಕ್ಕವ್ವಾ" ಅನ್ನುವನು, ಇವಳು ಒತ್ತಿ ಬರುವಳು. ಅದರಲ್ಲಿ ಅವಳಿಗೆ ಖುಷಿಯೂ ಇರಲಿಲ್ಲ, ಬೇಸರವೂ ಇರಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಒಂದು ಪಂಚಾಯತಿ ಚುನಾವಣೆ ಬಂತು ನೋಡಿ, ಆಗ ಎಲ್ಲ ಬಿಗಡಾಯಿಸಿತು. ವಾರ್ಡಿಗೆ ನಿಂತವರು ಇಬ್ಬರೇ. ಒಬ್ಬ ಕಂತ್ರಾಟದಾರನ ಸ್ವಂತ ತಮ್ಮ. ಅವನ ಗುರುತು ಏಣಿ. ಇನ್ನೊಬ್ಬರು ಪಿಯೆದಾದ್ ಬಾಯಿ, ಸರಕಾರಿ ದವಾಖಾನೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. ಅವರ ಗುರುತು ಛತ್ರಿ.

ಈ ಪಿಯೆದಾದ್ ಬಾಯಿ ಒಂದು ಮಳೆಗಾಲದಲ್ಲಿ ಓಣಿಗೆ ವಾಂತಿಭೇದಿ ಬಡಿದಾಗ ಕೆಸರು ತುಳಿದುಕೊಂಡು ಮನೆಮನೆಗೆ ಬಂದವರು. ಕುದಿಸದ ನೀರು ಕುಡಿದದ್ದಕ್ಕೆ ಎಲ್ಲರಿಗೂ ಉಗಿದು, ಉಪ್ಪು ಸಕ್ಕರೆ ಕಲಸಿದ ನೀರನ್ನು ಬಾಯಿಗೆ ಹಿಡಿದು ಕುಡಿಸಿದವರು. ಆವತ್ತು ಸಾವಂತ್ರೆವ್ವನಿಗೂ ಅವರಿಗೂ ದೊಡ್ಡ ಜಗಳವೇ ಆಯಿತು. ಅವರು ಕೊಂಕಣಿಯಲ್ಲಿ, ಇವಳು ಕನ್ನಡದಲ್ಲಿ. ಕೊನೆಗೆ ಸಾವಂತ್ರೆವ್ವನೇ ಸೋತು ಒಲೆ ಹಚ್ಚಿ ನೀರು ಕುದಿಸಿದಳು. ತನ್ನನ್ನು ಮಾತಿನಲ್ಲಿ ಸೋಲಿಸಿದ ಹೆಂಗಸಿನ ಮೇಲೆ ಅವಳಿಗೆ ಅಂದಿನಿಂದ ಒಂಥರಾ ಅಭಿಮಾನ.

ಪ್ರಚಾರಕ್ಕೆ ಅಂತ ಬಂದಾಗಲೂ ಆ ಬಾಯಿ ಒಬ್ಬರೇ ಬಂದರು, ಛತ್ರಿ ಹಿಡಿದುಕೊಂಡು. ರೇಣವ್ವ ಚೊಚ್ಚಲ ಹೆರಿಗೆಗೆ ಸಾಂಖಳಿಯ ಗಂಡನ ಮನೆಯಿಂದ ತವರಿಗೆ ಬಂದಿದ್ದಳು, ದಿನ ತುಂಬುತ್ತಿತ್ತು. ಬಾಯಿ ಅವಳನ್ನು ಕೂರಿಸಿ, ಕಾಲಿನ ಬಾವು ಒತ್ತಿ ನೋಡಿ, ಮುಖ ಗಂಟು ಹಾಕಿದರು. "ಸಾವಿತ್ರಿ, ಹುಡುಗಿಗೆ ಉಪ್ಪು ಕಮ್ಮಿ. ಉಪ್ಪಿನಕಾಯಿ ಬಂದ್. ನೋವು ಬಂತು, ಮನೆಯಲ್ಲಿ ಇಟ್ಟುಕೊಂಡು ಕೂತಿ, ನಾನು ಬಂದು ಹೊಡೀತೇನೆ. ಸೀದಾ ಮಡಗಾಂವ್!" ಎಂದು ತಮ್ಮ ಹರಕು ಕನ್ನಡದಲ್ಲಿ ಹೇಳಿ ಛತ್ರಿ ಬಿಚ್ಚಿಕೊಂಡು ಹೋದರು. ಓಟಿನ ಮಾತೇ ಎತ್ತಲಿಲ್ಲ. ಮರೆತೇ ಹೋದರೋ ಏನೋ.

ಏಣಿಯವರಿಗೆ ಇದೆಲ್ಲ ಸುದ್ದಿ ಮುಟ್ಟಿತು. ಮರುದಿನವೇ ನಿಂಗಣ್ಣನಿಗೆ ಕರೆ ಹೋಯಿತು. ಹೋಗುವಾಗ ಬೀಡಿ ಸೇದುತ್ತ ಹೋದವನು ಬರುವಾಗ ತಲೆ ತಗ್ಗಿಸಿಕೊಂಡು ಬಂದ. ಶುಕ್ರವಾರ ಸಂಜೆ ಓಣಿಯವರನ್ನೆಲ್ಲ ಗೇರುಮರದ ಕೆಳಗೆ ಸೇರಿಸಿದ. ಜೋಗತಿ ಯಲ್ಲವ್ವನನ್ನೂ ಕರೆಸಿದ.

ದೇವಿಯ ಹೆಸರನ್ನೇ ಹೊತ್ತ ಯಲ್ಲವ್ವ ವಯಸ್ಸಾದವಳು, ದೇವಿಗೆ ಬಿಟ್ಟವಳು. ಓಣಿಯಲ್ಲಿ ಎಲ್ಲವ್ವನ ಪೂಜೆಯ ಕೊಡ ಇದ್ದದ್ದು ಅವಳ ಗುಡಿಸಲಲ್ಲಿ. ಮಂಗಳವಾರ, ಶುಕ್ರವಾರ ಜನ ಅವಳ ಮುಂದೆ ತಲೆಬಾಗಿ ಹಣೆಗೆ ಅರಿಷಿಣದ ಭಂಡಾರ ಹಚ್ಚಿಸಿಕೊಳ್ಳುತ್ತಿದ್ದರು. ಸಣ್ಣವರು ದೊಡ್ಡವರು ಎಲ್ಲರೂ ಅವಳನ್ನು ಆಯಿ ಎಂದೇ ಕರೆಯುತ್ತಿದ್ದರು. ಅವತ್ತು ಅವಳ ಮಡಿಲಲ್ಲಿ ಭಂಡಾರ ತುಂಬಿದ ಬುಟ್ಟಿ ಇತ್ತು.

"ಯಾರ ಮ್ಯಾಲೂ ನನಗ ಸಂಶೆ ಇಲ್ಲ," ನಿಂಗಣ್ಣ ಶುರು ಮಾಡಿದ. "ಆದ್ರೂ ಒಂದ ಮಾತು ಆಗ್ಲಿ. ಒಬ್ಬೊಬ್ರ ಬಂದು ಭಂಡಾರದ ಮ್ಯಾಲ ಬಲಗೈ ಇಟ್ಟು, ನಿಮಗ ಯಾರ ಮ್ಯಾಲ ಜೀವ ಐತಿ ಅವರ ಹೆಸರ ತಗೊಂಡು, ಏಣಿಗೇ ಒತ್ತತೇನಿ ಅಂತ ಆಣಿ ಮಾಡ್ರಿ. ಆಯಿ ಮೊದ್ಲ ಮಾಡ್ಲಿ."

ಯಲ್ಲವ್ವ ಅವನನ್ನೇ ಒಂದು ಗಳಿಗೆ ನೋಡಿ, ಬುಟ್ಟಿಯಲ್ಲಿ ಬಲಗೈ ಊರಿ, "ಉಧೋ ಉಧೋ" ಅಂದು, ಕೊಡದ ಮೇಲೆ ಆಣೆ ಮಾಡಿದಳು. ಜೋಗತಿಯೇ ಮಾಡಿದ ಮೇಲೆ ಇನ್ಯಾರು ಒಲ್ಲೆ ಅಂದಾರು? ಸಾಲು ಹತ್ತಿತು. ಒಬ್ಬಳು ಮಗನ ಹೆಸರು ಹೇಳಿದಳು, ಒಬ್ಬ ಊರಲ್ಲಿದ್ದ ತಾಯಿಯ ಹೆಸರು ಹೇಳಿದ. ಸಾವಂತ್ರೆವ್ವನ ಸರದಿ ಬಂದಾಗ ಅವಳು ಜಾಣತನ ಮಾಡಿದಳು.

"ನನ್ನ ಗಂಡನ ಮ್ಯಾಲ ಮಾಡತೇನಿ."

"ಗಂಗಣ್ಣ ಗಟ್ಟಿ ಮನಷ್ಯಾ. ಅವಂಗೇನ್ ಆಗತೈತಿ?" ಅಂದ ನಿಂಗಣ್ಣ. "ಮಗಳ ಹೊಟ್ಟಿ ಮ್ಯಾಲ ಮಾಡು."

ಅಲ್ಲೇ ನಿಂತಿದ್ದ ಗಂಗಪ್ಪ, ತನ್ನ ಬೆಲೆ ಇಷ್ಟೇ ಎಂದು ಗೊತ್ತಾಗಿ ನೆಲ ನೋಡಿದ. ರೇಣವ್ವ ಗುಡಿಸಲ ಬಾಗಿಲಲ್ಲಿ ಕೂತು ಕಣ್ಣು ಬಿಟ್ಟು ನೋಡುತ್ತಿದ್ದಳು. ಸಾವಂತ್ರೆವ್ವನ ಕೈ ಭಂಡಾರದಲ್ಲಿತ್ತು, ಓಣಿಯೆಲ್ಲ ಕಾಯುತ್ತಿತ್ತು. "ನನ್ನ ಮಗಳ ಹೊಟ್ಟಿ ಮ್ಯಾಲ ಆಣಿ, ಏಣಿಗೇ ಒತ್ತತೇನಿ" ಅಂದಳು. ಅಂದವಳೇ ಕೈ ಕೊಡವಿಕೊಂಡು ಮನೆಗೆ ನಡೆದಳು.

ಮೈಯೆಲ್ಲ ಉರಿಯುತ್ತಿತ್ತು. ನನ್ನ ಕೇಳಿದರೆ, ಈ ಆಣೆಯೊಂದನ್ನು ಮಾಡಿಸದೇ ಇದ್ದಿದ್ದರೆ ಸಾವಂತ್ರೆವ್ವ ಯಾವತ್ತಿನಂತೆ ಹೋಗಿ ಏಣಿಗೇ ಒತ್ತಿ ಬರುತ್ತಿದ್ದಳು. ಪಿಯೆದಾದ್ ಬಾಯಿಯ ಮೇಲಿನ ಅಭಿಮಾನ ಅಭಿಮಾನವಾಗಿಯೇ ಉಳಿಯುತ್ತಿತ್ತು. ಇಷ್ಟು ವರ್ಷ ಹೇಳಿದ್ದಕ್ಕೆಲ್ಲ ಹೂಂ ಅಂದು ಒತ್ತಿದವಳ ಮೇಲೆ ಈಗ ನಂಬಿಕೆ ಇಲ್ಲ ಅಂದರೆ? ಹುಟ್ಟದೇ ಇರುವ ಕೂಸನ್ನು ಒತ್ತೆ ಇಡಬೇಕೆಂದರೆ? ತನ್ನ ಓಟಿಗೆ ಇವರು ಇಷ್ಟು ಹೆದರುತ್ತಾರೆಂದರೆ ಆ ಓಟಿನಲ್ಲಿ ಏನೋ ಇರಬೇಕು ಅಂತ ಅವಳಿಗೆ ಮೊದಲ ಸಲ ಹೊಳೆದದ್ದು ಆವತ್ತೇ. ಹೊಳೆದು ಏನು ಮಾಡುವುದು? ಬಾಯಿಂದ ಮಾತು ಹೋಗಿತ್ತು, ಎಲ್ಲವ್ವ ಕೇಳಿಸಿಕೊಂಡಾಗಿತ್ತು.

ರವಿವಾರ ಓಟು. ಊರ ಶಾಲೆಯಲ್ಲಿ ಓಣಿಯವರಿಗೆಂದೇ ಒಂದು ಕೋಣೆ, ಒಂದು ಡಬ್ಬಿ. ಸಾವಂತ್ರೆವ್ವ ಮಿಂದು, ಇದ್ದುದರಲ್ಲಿ ಚಲೋ ಸೀರೆ ಉಟ್ಟು, ಎಲ್ಲವ್ವನ ದಿಕ್ಕಿಗೆ ಕೈ ಮುಗಿದು, ಏಣಿಗೆ ಒತ್ತಲೆಂದೇ ಹೋದಳು. ಇದು ಖರೇ. ಛತ್ರಿಯ ವಿಚಾರ ಅವಳ ಮನಸ್ಸಿನಲ್ಲಿ ಇರಲಿಲ್ಲ, ಅಥವಾ ಇಲ್ಲವೆಂದು ತನಗೆ ತಾನೇ ಹೇಳಿಕೊಂಡಿದ್ದಳು. ಬೆರಳಿಗೆ ಶಾಯಿ ಹಚ್ಚುವ ಮನುಷ್ಯನ ಮುಂದೆ ಬಲಗೈ ಚಾಚಿದಳು. ಅವನು ಅದನ್ನು ಪಕ್ಕಕ್ಕೆ ಸರಿಸಿದ.

"ದಾವೊ ಹಾತ್, ಬಾಯ್. ದಾವೊ."

ಎಡಗೈ ಬೇಕಂತೆ; ಹಿಂದಿನ ಸಲಗಳಲ್ಲಿ ಅವಳು ಅದನ್ನು ಗಮನಿಸಿಯೇ ಇರಲಿಲ್ಲ. ಅವನೇ ಅವಳ ಎಡಗೈ ಹಿಡಿದೆಳೆದು ತೋರುಬೆರಳಿಗೆ ಶಾಯಿ ಬಳಿದ. ಅಲ್ಲಿಯೇ ಸಾವಂತ್ರೆವ್ವನ ತಲೆಯೊಳಗೆ ಏನೋ ಕದಲಿತು. ಭಂಡಾರ ಮುಟ್ಟಿದ್ದು ಬಲಗೈ. ಆಣೆ ಮಾಡಿದ್ದು ಬಲಗೈ. ಸರಕಾರ ಕೇಳುತ್ತಿರುವುದು ಎಡಗೈ. ಅಂದಮೇಲೆ ಬಲಗೈ ಎಲ್ಲವ್ವನದು, ಎಡಗೈ ಸರಕಾರದ್ದು. ಎಡಗೈ ಯಾರಿಗೆ ಏನು ಮಾತು ಕೊಟ್ಟಿದೆ? ಯಾರಿಗೂ ಏನೂ ಕೊಟ್ಟಿಲ್ಲ!

ರಟ್ಟಿನ ಮರೆಯ ಹಿಂದೆ ಹೋದಳು. ಚೀಟಿಯ ಮೇಲೆ ಏಣಿ, ಅದರ ಕೆಳಗೆ ಛತ್ರಿ. ಬಲಗೈಯನ್ನು ಸೆರಗಿನೊಳಗೆ ಸುತ್ತಿ ಬೆನ್ನ ಹಿಂದೆ ಇಟ್ಟುಕೊಂಡಳು, ಅದಕ್ಕೆ ಏನೂ ಕಾಣಬಾರದು ಎನ್ನುವಂತೆ. ಎಡಗೈಯಿಂದ ಶಿಕ್ಕಾ ಎತ್ತಿದಳು. ಯಾವ ಪುಣ್ಯಾತ್ಮ ಮಸಿಪ್ಯಾಡಿಗೆ ಬಾಟ್ಲಿಗಟ್ಟಲೆ ಮಸಿ ಸುರಿದಿದ್ದನೋ, ಶಿಕ್ಕಾದ ಹಿಡಿಕೆಯೆಲ್ಲ ನೇರಳೆ ಬಣ್ಣಕ್ಕೆ ತೊಯ್ದು ಜಾರುತ್ತಿತ್ತು. ಕೈಗೂ ರೂಢಿಯಿರಲಿಲ್ಲ. ಆದರೂ ಗುರಿ ತಪ್ಪಲಿಲ್ಲ. ಛತ್ರಿಯ ಮೇಲೆ ಒತ್ತಿದಳು. ಒತ್ತಿದ ಗಳಿಗೆ ಎಂಥ ಖುಷಿ ಆಯಿತೆಂದರೆ, ಜೀವಮಾನದಲ್ಲಿ ಮೊದಲ ಸಲ ತನ್ನದೊಂದು ಕೆಲಸ ಮಾಡಿದ ಹಾಗಾಯಿತು.

ಆ ಖುಷಿ ಶಾಲೆಯ ಗೇಟು ದಾಟುವವರೆಗೂ ಇರಲಿಲ್ಲ.

ಹೊರಗೆ ಬಂದು ನೋಡಿಕೊಂಡರೆ ಎಡಗೈ ಹೆಬ್ಬೆರಳು ಬುಡದವರೆಗೂ ನೇರಳೆ! ತೋರುಬೆರಳಿನ ಶಾಯಿ ಸರಿ, ಅದು ಎಲ್ಲರಿಗೂ ಇರುತ್ತದೆ. ಶಿಕ್ಕಾವನ್ನು ಎಡಗೈಯಲ್ಲಿ ಹಿಡಿದದ್ದೇಕೆ ಎಂದು ಯಾರಾದರೂ ಕೇಳಿದರೆ ಈ ಹೆಬ್ಬೆರಳಿಗೆ ಏನಂತ ಹೇಳುವುದು? ಓಡಿ ಮನೆ ಸೇರಿ ಬೂದಿ ಹಾಕಿ ತಿಕ್ಕಿದಳು, ತೆಂಗಿನ ನಾರಿನಿಂದ ಉಜ್ಜಿದಳು. ಚರ್ಮ ಕಿತ್ತುಬರುವಂತಾಯಿತೇ ಹೊರತು ಬಣ್ಣ ಹೋಗಲಿಲ್ಲ. ಕೊನೆಗೆ ಹಳೇ ಸೀರೆಯ ಚಿಂದಿ ಸುತ್ತಿ, ಒಲೆಯ ಕೆಂಡ ತಾಗಿತು ಎಂದು ಗಂಡನಿಗೆ ಹೇಳಿದಳು. ಗಂಗಪ್ಪ ಅವಳನ್ನೂ ನೋಡಿದ, ಚಿಂದಿಯನ್ನೂ ನೋಡಿದ, ಏನೂ ಕೇಳಲಿಲ್ಲ. ಅವನು ಕೇಳಿದ್ದಾದರೂ ಯಾವಾಗ?

ಸೋಮವಾರ ನಳದ ಹತ್ತಿರ ನೀರಿಗೆ ನಿಂತಾಗ ಯಾವತ್ತಿನ ಗದ್ದಲವೇ ಇರಲಿಲ್ಲ. ಹೆಂಗಸರೆಲ್ಲ ಒಂದೇ ಕೈಯಲ್ಲಿ ಕೊಡ ಎತ್ತುತ್ತಿದ್ದರು, ತಲೆ ಎತ್ತಿ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಸಾವಂತ್ರೆವ್ವನಿಗೆ ಅದು ಕಾಣಲೇ ಇಲ್ಲ, ತನ್ನ ಸಂಕಟ ತನಗೆ. ಓಣಿಯಷ್ಟೂ ಜನರಲ್ಲಿ ಮಾತಿಗೆ ತಪ್ಪಿದವಳು ತಾನೊಬ್ಬಳೇ. ನಾಳೆ ಡಬ್ಬಿ ಒಡೆದಾಗ ಒಂದೇ ಒಂದು ಛತ್ರಿ ಹೊರಗೆ ಬಂದರೆ ಯಾರದೆಂದು ನಿಂಗಣ್ಣನಿಗೆ ತಿಳಿಯದೇ ಇರುತ್ತದೆಯೇ? ನಿಂಗಣ್ಣನಾದರೂ ಹೋಗಲಿ, ಕೆಲಸ ಬಿಡಿಸಿದರೆ ಬೇರೆ ಕಡೆ ನೋಡಿದರಾಯಿತು. ಎಲ್ಲವ್ವನ ಕಣ್ಣು ತಪ್ಪಿಸುವುದು ಹೇಗೆ? ಬಲಗೈ ಎಡಗೈ ಎಂದು ದೇವಿಯ ಮುಂದೆ ವಾದ ಹೂಡಲು ಆಗುತ್ತದೆಯೇ? ಆಣೆ ಮಾಡಿದ್ದು ಮಗಳ ಹೊಟ್ಟೆಯ ಮೇಲೆ.

ಮಂಗಳವಾರ ಮುಂಜಾನೆ ರೇಣವ್ವನಿಗೆ ನೋವು ಬಂತು. ಅದೂ ಎಲ್ಲವ್ವನ ವಾರದಂದೇ! ಕಂಪನಿ ಬಸ್ಸಿನ ಡ್ರೈವರ್ ಇಮಾಮಹುಸೇನ ಪಾಳಿಯವರನ್ನು ಇಳಿಸಿ ಖಾಲಿ ಬಸ್ಸು ತಿರುಗಿಸುತ್ತಿದ್ದವನು, ಸುದ್ದಿ ಕೇಳಿ, "ಹತ್ತಿಸ್ರಿ, ಯಾರ ಬೈತಾರ ಬೈಲಿ" ಎಂದು ಸೀದಾ ಮಡಗಾಂವಿನ ದವಾಖಾನೆಗೇ ಓಡಿಸಿದ. ಜೊತೆಗೆ ಬಂದವಳು ಯಲ್ಲವ್ವ ಆಯಿ. ಬೇರೆ ಯಾರಾದರೂ ಬಂದಿದ್ದರೆ ಆಗುತ್ತಿತ್ತು, ಅವಳೊಬ್ಬಳು ಬರಬಾರದಿತ್ತು ಅಂತ ಸಾವಂತ್ರೆವ್ವನಿಗೆ ಅನ್ನಿಸಿತು. ಆದರೆ ಬೇಡ ಅನ್ನುವುದು ಯಾವ ಬಾಯಿಂದ?

ರೇಣವ್ವನನ್ನು ಒಳಗೆ ಕರೆದುಕೊಂಡು ಹೋದರು. ಬಿಸಿಲೇರಿತು. ಡಾಕ್ಟರಮ್ಮ ಒಮ್ಮೆ ಹೊರಗೆ ಬಂದು, ಕೂಸು ಅಡ್ಡ ಬಿದ್ದಿದೆ, ನೋಡೋಣ, ಆಗದಿದ್ದರೆ ಆಪರೇಷನ್ ಎಂದು ಹಿಂದಿಯಲ್ಲಿ ಹೇಳಿ ಹೋದರು. ಒಳಗಿನಿಂದ ಮಗಳ ಕೂಗು ಕೇಳುತ್ತಿತ್ತು, ನಡುನಡುವೆ ಅದೂ ನಿಲ್ಲುತ್ತಿತ್ತು. ನಿಂತಾಗ ಇನ್ನೂ ಭಯ. ಸಾವಂತ್ರೆವ್ವ ಓಣಿಯನ್ನೇ ನಡುಗಿಸಿದ ಹೆಂಗಸು, ಆ ವರಾಂಡದ ಗೋಡೆಗೆ ಒರಗಿ ಮುದ್ದೆಯಾಗಿ ಕೂತಿದ್ದಳು. ಕೊನೆಗೆ ತಡೆಯಲಾಗಲಿಲ್ಲ. ಯಲ್ಲವ್ವನ ಕಾಲು ಗಟ್ಟಿಯಾಗಿ ಹಿಡಿದುಕೊಂಡಳು.

"ಆಯಿ, ನಾ ತಪ್ಪಿದ್ನಿ. ನಾ ಏಣಿಗೆ ಒತ್ಲಿಲ್ಲ. ಛತ್ರಿಗೆ ಒತ್ತಿದ್ನಿ. ಭಂಡಾರ ಮುಟ್ಟಿದ ಕೈ ಬ್ಯಾಡಂತ ಎಡಗೈಲೇ ಒತ್ತಿದ್ನಿ. ಅವ್ವಗ ಹೇಳು ಆಯಿ, ಏನ್ ಮಾಡೂದಿದ್ರೂ ನನಗ ಮಾಡ್ಲಿ. ಆ ಹುಡುಗಿ ಏನ್ ಮಾಡೈತಿ? ಹುಟ್ಟದ ಕೂಸ ಏನ್ ಮಾಡೈತಿ?"

ಯಲ್ಲವ್ವ ಕಾಲು ಬಿಡಿಸಿಕೊಂಡಳು. ಎರಡು ದಿನದಿಂದ ಸೆರಗಿನಿಂದ ಹೊರಗೆ ತೆಗೆಯದ ತನ್ನ ಎಡಗೈಯನ್ನು ಹೊರತೆಗೆದು, ಹಲ್ಲಿನಿಂದ ಗಂಟು ಬಿಚ್ಚಿ, ಸುತ್ತಿದ್ದ ಚಿಂದಿಯನ್ನು ಕಳಚಿದಳು. ಹೆಬ್ಬೆರಳನ್ನು ಸಾವಂತ್ರೆವ್ವನ ಮೂಗಿಗೆ ತಾಗುವಂತೆ ಹಿಡಿದಳು. ಬುಡದವರೆಗೂ ನೇರಳೆ.

ಸಾವಂತ್ರೆವ್ವ ಬಾಯಿ ತೆರೆದುಕೊಂಡು ನೋಡಿದಳು.

"ಇದೇನಾಯಿ?"

"ಏನ್ ಕಾಣತೈತಿ? ಕಣ್ಣ ಹೋಗ್ಯಾವ ಏನು?"

"ನೀನೂ?"

"ನೀನೂ ಅಂದ್ರ? ನಾ ನಿನಗಿಂತ ಮೊದ್ಲ. ನೀ ಇನ್ನ ಮನ್ಯಾಗ ಮುಖ ತೊಳಕೊಳ್ಳಾಕತ್ತಿದ್ದಿ, ನಾ ಹೋಗಿ ಒತ್ತಿ ಬಂದಿದ್ನಿ." 

"ಆಯಿ, ನೀ ಕೊಡದ ಮ್ಯಾಲ ಆಣಿ ಮಾಡಿದ್ದಿ! ಅವ್ವ ಸಿಟ್ಟ ಆಗೂದಿಲ್ಲೇನು?"

"ಆಗಿದ್ರ ಮೊದ್ಲ ನನ್ನ ಹಿಡೀತಿದ್ಲು. ನಾ ಅವಳ ಮನಿಯಾಕಿ. ಎದುರಿಗೆ ಕುಂತಾಕಿನ್ನ ಬಿಟ್ಟು ನಿನ್ನ ಹುಡುಕ್ಕೊಂಡು ಮಡಗಾಂವಿಗೆ ಬರಾಕ ಅವಳಿಗೇನು ಬ್ಯಾರೆ ಕೆಲಸ ಇಲ್ಲ?" ಯಲ್ಲವ್ವನ ದನಿ ಗಡುಸಾಯಿತು. "ಆ ನಿಂಗ್ಯಾ ನನ್ನ ಅವ್ವನ ಹೆಸರ್ಲೆ ಏಣಿ ಮಾರಾಕ ಬಂದಿದ್ದ. ನನಗ ಎಷ್ಟ ಸಿಟ್ಟ ಬಂದಿತ್ತು ಅಂದ್ರ, ಅವ್ವಗ ಎಷ್ಟ ಬಂದಿರಬೇಕು ಹೇಳು."

ಸಾವಂತ್ರೆವ್ವ ಹೆಬ್ಬೆರಳನ್ನು ನೋಡಿದಳು, ಆಯಿಯ ಮುಖ ನೋಡಿದಳು, ತನ್ನ ಚಿಂದಿಯನ್ನೂ ಕಿತ್ತು ಬಿಸಾಕಿದಳು. ಎರಡು ನೇರಳೆ ಹೆಬ್ಬೆರಳು ಅಕ್ಕಪಕ್ಕ ಬಂದವು. ಮೊದಲು ನಕ್ಕವಳು ಆಯಿ. ಆಮೇಲೆ ಸಾವಂತ್ರೆವ್ವನಿಗೂ ನಗು ಬಂತು, ಅಳುವೂ ಬಂತು, ಯಾವುದು ಯಾವುದೆಂದು ಅವಳಿಗೇ ತಿಳಿಯಲಿಲ್ಲ. ಆಯಾ ಒಬ್ಬಳು ಓಡಿಬಂದು ಇದು ದವಾಖಾನೆಯೋ ಸಂತೆಯೋ ಎಂದು ಕೊಂಕಣಿಯಲ್ಲಿ ಗದರಿದಳು. ಸಾವಂತ್ರೆವ್ವನ ಹತ್ತಿರ ತಿರುಗಿ ಬೈಯುವಷ್ಟು ಕೊಂಕಣಿ ಇತ್ತು, ಆದರೂ ಕೈಮುಗಿದು ಸುಮ್ಮನಾದಳು.

ಕೂಸು ಆ ಕೂಡಲೇ ಹುಟ್ಟಲಿಲ್ಲ. ಊಟದ ಹೊತ್ತು ಕಳೆಯಿತು, ಇಬ್ಬರೂ ಏನೂ ತಿನ್ನಲಿಲ್ಲ. ಆದರೆ ಈಗ ಕಾಯುವುದು ಬೇರೆ ಥರ ಇತ್ತು. ಕೂಸು ಅಡ್ಡ ಬಿದ್ದಿದೆ, ಡಾಕ್ಟರು ನೋಡುತ್ತಿದ್ದಾರೆ, ಅಷ್ಟೇ. ತನ್ನ ಪಾಪ ಒಳಗೆ ಹೋಗಿ ಮಗಳ ಹೊಟ್ಟೆ ಹಿಡಿದು ಕೂತಿಲ್ಲ. ಸಂಜೆಯ ಚಹದ ಹೊತ್ತಿಗೆ ಡಾಕ್ಟರಮ್ಮ ಬಂದು, ಕೂಸು ತಿರುಗಿತು, ಕೊಯ್ಯದೇ ಆಯಿತು, ಹೆಣ್ಣು, ಇಬ್ಬರೂ ಚೆನ್ನಾಗಿದ್ದಾರೆ ಎಂದರು. ಸಾವಂತ್ರೆವ್ವ ಡಾಕ್ಟರಮ್ಮನ ಕೈಯನ್ನು ಎರಡೂ ಕೈಯಿಂದ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಬಲಗೈ ಎಡಗೈ ಎಂಬ ಭೇದವೆಲ್ಲ ಆ ಹೊತ್ತಿಗೆ ಮರೆತುಹೋಗಿತ್ತು.

ಬಾಣಂತಿಯನ್ನು ಕರೆದುಕೊಂಡು ಓಣಿಗೆ ಬಂದಾಗ ಅಲ್ಲಿ ಹಬ್ಬವೇ ನಡೆದಿತ್ತು. ಮಂಗಳವಾರವೇ ಎಣಿಕೆ ಮುಗಿದು ಪಿಯೆದಾದ್ ಬಾಯಿ ಗೆದ್ದಿದ್ದರು. ಗೆದ್ದದ್ದಿರಲಿ, ಓಣಿಯ ಡಬ್ಬಿ ಒಡೆದು ಸುರಿದರೆ ಬರೀ ಛತ್ರಿ, ಛತ್ರಿ, ಛತ್ರಿ! ಏಣಿ ಹುಡುಕಿ ತೆಗೆಯಬೇಕಾಯಿತಂತೆ. ಆ ಸುದ್ದಿ ಬಂದ ಮರುಗಳಿಗೆ ನಳದ ಹತ್ತಿರ ಒಬ್ಬಳು ಹೆಬ್ಬೆರಳಿನ ಚಿಂದಿ ಬಿಚ್ಚಿದಳು, ಅವಳನ್ನು ನೋಡಿ ಇನ್ನೊಬ್ಬಳು ಬಿಚ್ಚಿದಳು. ಹಿಟ್ಟು ರುಬ್ಬುವಾಗ ಕಲ್ಲು ಬಿದ್ದಿತೆಂದವಳು, ಬಾಗಿಲಿಗೆ ಸಿಕ್ಕಿತೆಂದವಳು, ಕೆಂಡ ತಾಗಿತೆಂದವಳು, ಎಲ್ಲರದೂ ನೇರಳೆ. "ಥೂ ನಿಮ್ಮ! ನಾ ಒಬ್ಬಾಕೀನ ಸಾಯಾಕತ್ತೇನಿ ಅಂತ ತಿಳಿದಿದ್ನೆಲ್ಲ!" ಎಂದು ಒಬ್ಬರಿಗೊಬ್ಬರು ಬೈದುಕೊಂಡು ನಕ್ಕರಂತೆ. ಗಂಗಪ್ಪ ತಾನೂ ಎಡಗೈ ಹೆಬ್ಬೆರಳನ್ನು ಎತ್ತಿ ಹೆಂಡತಿಗೆ ತೋರಿಸಿದ. ಇಷ್ಟು ದಿನ ಬಂದರಿನ ಕೆಂಪು ಧೂಳಿನಲ್ಲಿ ಅದು ಯಾರಿಗೂ ಕಂಡಿರಲಿಲ್ಲ. "ಹೇಳಬಾರದಿತ್ತೇನ್ರಿ?" ಎಂದು ಸಾವಂತ್ರೆವ್ವ ಹರಿಹಾಯ್ದಳು. "ನೀ ಕೇಳಲಿಲ್ಲ," ಅಂದ ಗಂಗಪ್ಪ.

ಆ ಸಂಜೆ ನಿಂಗಣ್ಣ ಬಂದ. ಬಂದದ್ದು ಕಂಡದ್ದೇ ತಡ ಓಣಿಯ ನಗು ನಿಂತಿತು, ಜನ ಒಳಗೆ ಸರಿದರು. ಅವನು ಯಾರ ಕಡೆಗೂ ನೋಡದೆ ಸೀದಾ ಸಾವಂತ್ರೆವ್ವನ ಕಟ್ಟೆಯ ಮುಂದೆ ಬಂದು ನಿಂತ. ಮುಖದಲ್ಲಿ ರಕ್ತವೇ ಇರಲಿಲ್ಲ.

"ಮಾಲಕರು ಏನಂದ್ರು ನಿಂಗಣ್ಣಾ?" ಸಾವಂತ್ರೆವ್ವನೇ ಕೇಳಿದಳು.

"ಏನಂತಾರ? ಬಾಯಿಗೆ ಬಂದಂಗ ಬೈದ್ರು. ಎಲ್ಲಾರ್ನೂ ಓಡಸ್ತೇನಿ ಅಂದ್ರು. ಆಮ್ಯಾಲ, ನಾಳಿ ಸ್ಲ್ಯಾಬ್ ಐತಿ, ಒಬ್ರನ್ನೂ ಬಿಡದಂಗ ಕರಕೊಂಡ ಬಾ ಅಂದ್ರು."

ಒಳಗಿನಿಂದ ಯಾರೋ ಕಿಸಕ್ಕನೆ ನಕ್ಕರು. ನಿಂಗಣ್ಣ ನಗಲಿಲ್ಲ. ಕಟ್ಟೆಯ ಮೇಲೆ ಕೂತು, ದನಿ ತಗ್ಗಿಸಿದ.

"ಸಾವಂತ್ರಕ್ಕಾ, ಖರೇ ಹೇಳು. ನೀ ಛತ್ರಿಗೆ ಒತ್ತಿದ್ದಿ?"

ಅವಳು ಎಡಗೈಯನ್ನು ಸೆರಗಿನೊಳಗೆ ಸರಿಸಿದಳು.

"ನನ್ನ ಮುಂದ ಹೇಳಾಕ ಅಂಜಬ್ಯಾಡ. ನಾನೂ ಅದಕ್ಕ ಒತ್ತೇನಿ."

ಸಾವಂತ್ರೆವ್ವ ಅವನ ಪಕ್ಕಕ್ಕೆ ಸರಿದು ಕೂತಳು.

"ನನ್ನ ಕಡಿಂದನೂ ಆಣಿ ಮಾಡಿಸಿದ್ರು," ಅಂದ ನಿಂಗಣ್ಣ. "ಮಗನ ತಲಿ ಮ್ಯಾಲ. ಇಷ್ಟ ವರ್ಷ ಅವರ ಬಾಗಲಾ ಕಾದೇನಿ. ನಿಮ್ಮ ಕೈಲೆ ಬೈಸಿಕೊಂಡೇನಿ. ನನ್ನ ಮ್ಯಾಲೂ ನಂಬಿಗಿ ಇಲ್ಲ ಅಂದ್ರ ಮನಸಿಗೆ ಹ್ಯಾಂಗ ಆಗಿರಬೇಡ? ಬಂದ ಸಿಟ್ಟಿನ್ಯಾಗ ನಿಮಗೂ ಅದನ್ನ ಮಾಡಿಸಿದ್ನಿ. ಆಮ್ಯಾಲ ಮರಿಯಾಗ ಹೋಗಿ ನಿಂತ್ರ, ಬಲಗೈ ಮ್ಯಾಲ ಏಳಲೇ ಇಲ್ಲ ನೋಡಕ್ಕಾ."

"ಎಡಗೈಲೇ ಒತ್ತಿದಿ?"

"ಮತ್ತ?" ಅಂದ ಅವನು. "ಅವತ್ತಿಂದ ಹುಡುಗ ಕೆಮ್ಮಾಕತ್ತಾನ. ಮಾತಿಗೆ ತಪ್ಪಿದ್ನಿ, ಅವ್ವ ಅವನ್ನ ಹಿಡದಾಳ ಅಂತ ನನ್ನ ಜೀವ ಅರ್ಧ ಆಗೈತಿ. ಜೋಗತಿ ಮುಂದ ಹೋಗಾಕ ಮುಖ ಇಲ್ಲ. ನಿನ್ನ ಮನ್ಯಾಗ ಎಲ್ಲಾ ಚಲೋ ಆತು ಅಂತ ಕೇಳಿ ಇಲ್ಲಿಗೆ ಬಂದೇನಿ."

ಒಂದು ವಾರದ ಹಿಂದೆ ಇವನು ಹೀಗೆ ಸಿಕ್ಕಿದ್ದರೆ ಸಾವಂತ್ರೆವ್ವ ಬಿಡುತ್ತಿರಲಿಲ್ಲ. ಹೊಟ್ಟೆಯಲ್ಲಿದ್ದ ಕೂಸನ್ನು ಒತ್ತೆಗೆ ಹಾಕಿಸಿದ್ದಕ್ಕೆ ಅವನ ಏಳು ತಲೆಮಾರನ್ನು ಓಣಿಗೆಲ್ಲ ಕೇಳುವಂತೆ ಜಾಲಾಡುತ್ತಿದ್ದಳು. ಈಗ ಅವನ ಮುಖ ನೋಡಿದರೆ ಬೈಗುಳ ಬಾಯಿಗೇ ಬರಲಿಲ್ಲ. ಮೂರು ದಿನ ತಾನು ಹೊತ್ತು ತಿರುಗಿದ ಭಯವೇ ಅಲ್ಲಿ ಕೂತಿತ್ತು. ಅವಳು ಒಳಗೆ ಹೋಗಿ ಕೂಸನ್ನು ಎತ್ತಿಕೊಂಡು ಬಂದು ಅವನ ಮಡಿಲಿಗೆ ಹಾಕಿದಳು.

"ಹಿಡಿ. ಇದರ ಮ್ಯಾಲನ ನೀ ನನ್ನ ಕಡಿಂದ ಆಣಿ ಮಾಡಿಸಿದ್ದು. ಅರಿವಿ ಬಿಚ್ಚಿ ನೋಡು. ಎಲ್ಲೆರ ಏನರ ಊನ ಐತೇನು?"

ನಿಂಗಣ್ಣ ಬಟ್ಟೆ ಸರಿಸಿ ನೋಡಿದ. ಪಾದ ನೋಡಿದ, ಕೈ ನೋಡಿದ. ಕೂಸು ಆಕಳಿಸಿ ಅವನ ಅಂಗಿಯ ಗುಂಡಿಗೆ ಮೂಗು ತಿಕ್ಕಿತು. ಊರಿಗೆಲ್ಲ ಬೆರಳು ಮಾಡಿ ಕೆಲಸ ಹೇಳುವ ಆ ಮನುಷ್ಯ, ಬಾಗಿಲು ಬಾಗಿಲಲ್ಲಿ ಜನ ನೋಡುತ್ತಿದ್ದಾರೆ ಎಂಬ ಪರಿವೆಯಿಲ್ಲದೆ ಗೊಳೋ ಎಂದು ಅತ್ತುಬಿಟ್ಟ.

"ಅಳೂದ ಬಿಡು. ಕೂಸ ಅಂಜತೈತಿ," ಸಾವಂತ್ರೆವ್ವ ಗದರಿದಳು. "ಹುಡುಗಗ ಥಂಡಿ ಆಗಿರಬೇಕು. ಕೆಮ್ಮ ಬಂದ್ರ ಶುಂಠಿ ಕಷಾಯ ಕುಡಸೋ ಮಾರಾಯಾ, ಅವ್ವನ್ನ ಯಾಕ ನಡುವ ಎಳಿತಿ?"

ನಿಂಗಣ್ಣ ತೋಳಿನಿಂದ ಕಣ್ಣೊರೆಸಿಕೊಂಡ. "ಶುಂಠಿ ಮನ್ಯಾಗಿಲ್ಲ ಅಕ್ಕಾ."

"ಬಾಣಂತಿಗೆ ತಂದಿದ್ದು ಬುಟ್ಟಿ ತುಂಬ ಐತಿ," ಅಂದಳು ಸಾವಂತ್ರೆವ್ವ. "ಒಯ್ಯಿ."